ನಮ್ಮ ಮನೆತನದ ಇತಿಹಾಸ ಹುಡುಕಲು ಗ್ರಂಥಾಲಯ ಸಹಾಯ ಆಗುತ್ತಾ? ಅಜ್ಜನ ಊರು ಈಗಿನ ಗದಗ ಜಿಲ್ಲೆಯಲ್ಲಿದೆ.

ಖಂಡಿತ ಆಗುತ್ತದೆ. ಆದರೆ ನಿಮ್ಮ ಮುತ್ತಜ್ಜನ ಹೆಸರು ಅಲ್ಲಿನ ಪುಸ್ತಕದಲ್ಲಿ ಸಿಗುವುದು ಅಪರೂಪ. ಆ ಹೆಸರಿರುವ ಕಾಗದ ಎಲ್ಲಿದೆ ಅಂತ ಗೊತ್ತಾಗುವುದು ಮಾತ್ರ ಗ್ರಂಥಾಲಯದಲ್ಲೇ.

ಯಾಕಂದ್ರೆ ಊರು ಇದ್ದಲ್ಲೇ ಇರುತ್ತದೆ, ಆಡಳಿತ ಬದಲಾಗುತ್ತದೆ. ಗದಗ, ಹಾವೇರಿ ಜಿಲ್ಲೆಗಳಾಗಿದ್ದು 1997ರಲ್ಲಿ. ಅದಕ್ಕೂ ಮೊದಲು ಎರಡೂ ಧಾರವಾಡ ಜಿಲ್ಲೆ. 1956ರ ಮೊದಲು ಧಾರವಾಡ ಮುಂಬೈ ಪ್ರಾಂತ್ಯದಲ್ಲಿತ್ತು. ಇನ್ನು ಬ್ರಿಟಿಷರ ಕಾಲದಲ್ಲಿ ಶಿರಹಟ್ಟಿ ಸಾಂಗ್ಲಿ ಸಂಸ್ಥಾನದ್ದು, ಸವಣೂರು ನವಾಬರದ್ದು. ಆಗ ಯಾರ ಆಡಳಿತವಿತ್ತೋ ಕಾಗದ ಅವರ ದಫ್ತರದಲ್ಲಿ ಹುಟ್ಟಿದೆ. ಇದು ತಿಳಿಯದೆ ಕಚೇರಿ ಅಲೆದರೆ ಸುಮ್ನೆ ಕಾಲು ನೋವು.

ಹಾಗಾಗಿ ಮೊದಲು ಜಿಲ್ಲಾ ಕೇಂದ್ರ ಗ್ರಂಥಾಲಯದಲ್ಲಿ ಗ್ಯಾಝೆಟಿಯರ್ ಕೇಳಿ. ಅದು ಜಿಲ್ಲೆಯ ಬಗ್ಗೆ ಸರ್ಕಾರವೇ ಬರೆಸಿದ ಮಾಹಿತಿ ಗ್ರಂಥ. ಧಾರವಾಡದ್ದು 1884ರಲ್ಲೇ ಅಚ್ಚಾಗಿದೆ. ನಿಮ್ಮ ಊರು ಆಗ ಯಾವ ತಾಲೂಕಿನಲ್ಲಿತ್ತು ಅಂತ ನೋಡಿಕೊಳ್ಳಿ. ಊರಿನ ಬಗ್ಗೆ ಬಂದ ಸ್ಮರಣ ಸಂಚಿಕೆ, ಹಳೇ ಪತ್ರಿಕೆಗಳನ್ನೂ ಕೇಳಿ. ಗ್ರಂಥಪಾಲಕರ ಹತ್ತಿರ ಊರು, ಅಡ್ಡಹೆಸರು, ಸುಮಾರು ಇಸವಿ ಮೂರನ್ನೂ ಹೇಳಿ.

ಆಮೇಲೆ ತಾಲೂಕು ಕಚೇರಿಯಲ್ಲಿ ಹೊಲದ ಹಳೇ ಉತಾರ, ಅಂದ್ರೆ ಜಮೀನಿನ ದಾಖಲೆ, ಹುಡುಕಿ. ಹೊಲ ತಂದೆಯಿಂದ ಮಕ್ಕಳಿಗೆ ಬರುವಾಗ ಹೆಸರು ದಾಖಲಾಗುತ್ತದಲ್ವಾ, ಅಲ್ಲೇ ತಲೆಮಾರು ಸಿಗುತ್ತವೆ. ಕೆಲವು ಹಳೇ ಕಾಗದ ಮರಾಠಿ ಬರೆಯಲು ಬಳಸುತ್ತಿದ್ದ ಮೋಡಿ ಲಿಪಿಯಲ್ಲಿರುತ್ತವೆ, ಓದಬಲ್ಲವರು ಬೇಕು.

ನಿಮ್ಮ ಊರಿಗೆ ಹೆಳವರು, ಅಂದ್ರೆ ಊರೂರು ತಿರುಗಿ ಮನೆತನಗಳ ವಂಶ ಹೇಳುವವರು, ಬರುತ್ತಿದ್ದರೆ ಅವರನ್ನು ಬಿಡಲೇಬೇಡಿ. ಅವರ ಹೊತ್ತಿಗೆಯಲ್ಲಿ ಮನೆತನದ ವಂಶಾವಳಿಯೇ ಇರುತ್ತದೆ.