ವಿಡಿಯೋ ಎಡಿಟಿಂಗ್ ಮಾಡುವ ಮಕ್ಕಳಿಗೆ ಅದರಿಂದ ಶಾಲೆಯ ಪಾಠಗಳಲ್ಲಿ ಏನಾದರೂ ಉಪಯೋಗವಾಗುತ್ತದೆಯೇ?

ಎಂಟನೆಯ ತರಗತಿಯ ನಿಮ್ಮ ಮಗಳು ಸಂಜೆಯೆಲ್ಲ ವಿಡಿಯೋ ಎಡಿಟ್ ಮಾಡುತ್ತ ಕೂರುತ್ತಾಳೆ, ಇದನ್ನು ತಡೆಯಬೇಕೇ ಎಂದು ಕೇಳಿದ್ದೀರಿ. ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಶನಿವಾರದ ಬೆಳಗಿನ ತರಗತಿಗಳು ಮುಗಿದ ಮೇಲೆ ಆಸಕ್ತ ಮಕ್ಕಳೊಡನೆ ಕುಳಿತು ಓಪನ್‌ಶಾಟ್ ಎಂಬ ಉಚಿತ ತಂತ್ರಾಂಶದಲ್ಲಿ ಸಣ್ಣ ಸಣ್ಣ ವಿಡಿಯೋಗಳನ್ನು ಮಾಡಿಸುತ್ತ ಬಂದಿದ್ದೇನೆ. ತಡೆಯಬೇಡಿ ಎಂದೇ ನನ್ನ ಉತ್ತರ. ಆದರೆ ಆಕೆ ಕತ್ತರಿಸಿ ಜೋಡಿಸುವ ದೃಶ್ಯಗಳು ಆಕೆಯೇ ಚಿತ್ರೀಕರಿಸಿದವಾಗಿರಲಿ. ಸಿದ್ಧ ಟೆಂಪ್ಲೇಟಿಗೆ ಫೋಟೊ ತುಂಬಿ ಜನಪ್ರಿಯ ಹಾಡೊಂದನ್ನು ಹಚ್ಚುವ ಕೆಲಸದಲ್ಲಿ ಬೆರಳುಗಳು ಚುರುಕಾಗುವುದನ್ನು ಬಿಟ್ಟು ಹೆಚ್ಚಿನದೇನನ್ನೂ ನಾನು ಕಂಡಿಲ್ಲ.

ಸ್ವಂತ ದೃಶ್ಯಗಳಲ್ಲಿ ಏನಾದರೊಂದು ಹೊಂದಿಕೆಯಾಗುವುದೇ ಇಲ್ಲ, ಪ್ರಶ್ನೆ ಹುಟ್ಟುವುದು ಅಲ್ಲಿಂದಲೇ. ಒಮ್ಮೆ ನಮ್ಮ ಮಕ್ಕಳು ಮೈದಾನದ ಆಚೆ ತುದಿಯಲ್ಲಿ ಗೆಳೆಯನೊಬ್ಬ ಗಂಟೆ ಬಾರಿಸುವುದನ್ನು ಈಚೆ ತುದಿಯಿಂದ ಚಿತ್ರೀಕರಿಸಿದ್ದರು. ಟೈಮ್‌ಲೈನಿನಲ್ಲಿ, ಅಂದರೆ ದೃಶ್ಯವೂ ಧ್ವನಿಯೂ ಸಾಲಾಗಿ ಹಾಸಿರುವ ಪಟ್ಟಿಯಲ್ಲಿ, ನೋಡಿದಾಗ, ಸುತ್ತಿಗೆ ಗಂಟೆಗೆ ತಾಗಿದ ಫ್ರೇಮಿಗೂ (ವಿಡಿಯೋದ ಒಂದೊಂದು ಸ್ಥಿರಚಿತ್ರವೇ ಒಂದು ಫ್ರೇಮ್) ಧ್ವನಿಯ ಗೆರೆ ಮೇಲೇಳುವ ಜಾಗಕ್ಕೂ 9 ಫ್ರೇಮುಗಳ ಅಂತರವಿತ್ತು. ಫೋನ್ ಕೆಟ್ಟಿದೆ ಎಂದೇ ಅವರು ಮೊದಲು ತಿಳಿದರು. ಸೆಕೆಂಡಿಗೆ 30 ಫ್ರೇಮುಗಳಿರುವುದರಿಂದ 9 ಫ್ರೇಮುಗಳೆಂದರೆ 0.3 ಸೆಕೆಂಡು, ಟೇಪು ಹಿಡಿದು ಅಳೆದಾಗ ದೂರ 100 ಮೀಟರ್ ಬಂತು, ಭಾಗಿಸಿದರೆ ಸೆಕೆಂಡಿಗೆ 333 ಮೀಟರ್. ಗಾಳಿಯಲ್ಲಿ ಶಬ್ದದ ವೇಗ ಸುಮಾರು 340 ಮೀಟರ್ ಎಂದು ಓದಿ ಮರೆತಿದ್ದ ಮಕ್ಕಳು ಅದನ್ನು ತಾವೇ ಕಂಡುಹಿಡಿದಂತಾಯಿತು. ಅದಕ್ಕಿಂತಲೂ ನನಗೆ ಮುಖ್ಯವೆನಿಸಿದ್ದು ಅನಂತರ ನಡೆದ ಚರ್ಚೆ: ಎಣಿಕೆಯಲ್ಲಿ ಒಂದೇ ಫ್ರೇಮ್ ತಪ್ಪಿ 8 ಎಂದುಕೊಂಡರೆ ಉತ್ತರ 375, 10 ಎಂದುಕೊಂಡರೆ 300. ಅಳತೆಯಲ್ಲಿನ ದೋಷವೆಂದರೇನು ಎಂಬುದನ್ನು ಕಪ್ಪುಹಲಗೆಯ ಮೇಲೆ ನಾನು ಇಷ್ಟು ಸ್ಪಷ್ಟವಾಗಿ ಎಂದೂ ತಿಳಿಸಿಕೊಟ್ಟಿರಲಿಲ್ಲ. ಅಳತೆಯ ಗುರುತು ಹಾಕಿದ ಗೋಡೆಯ ಮುಂದೆ ಚೆಂಡನ್ನು ಕೈಬಿಟ್ಟು ಚಿತ್ರೀಕರಿಸಿದರೂ ಹೀಗೆಯೇ. 3, 6 ಮತ್ತು 9ನೆಯ ಫ್ರೇಮುಗಳ ಹೊತ್ತಿಗೆ ಅದು ಸುಮಾರು 5, 20 ಮತ್ತು 44 ಸೆಂಟಿಮೀಟರ್ ಇಳಿದಿರುತ್ತದೆ, ಅಂದರೆ ಸಮಯ ಎರಡರಷ್ಟಾದಾಗ ದೂರ ನಾಲ್ಕರಷ್ಟು, ಮೂರರಷ್ಟಾದಾಗ ಒಂಬತ್ತರಷ್ಟು.

ಗಣಿತ ಇದರೊಳಗೇ ಬೆರೆತು ಬರುತ್ತದೆ. ಹೆಸರುಕಾಳು ಮೊಳಕೆಯೊಡೆಯುವುದನ್ನು ಮೂರು ದಿನ ಚಿತ್ರೀಕರಿಸಲು ಹೊರಟ ಹುಡುಗಿಯೊಬ್ಬಳು 10 ನಿಮಿಷಕ್ಕೊಂದು ಫೋಟೊ ತೆಗೆದರೆ 432 ಫೋಟೊಗಳಾಗುತ್ತವೆ, ಸೆಕೆಂಡಿಗೆ 24ರಂತೆ ಓಡಿಸಿದರೆ 18 ಸೆಕೆಂಡಿಗೇ ಮುಗಿಯುತ್ತದೆ ಎಂದು ಲೆಕ್ಕ ಹಾಕಿದಳು. ಆಕೆ ಬರೆದಿದ್ದ ವಿವರಣೆಯನ್ನು ಓದಲು 30 ಸೆಕೆಂಡು ಬೇಕಿತ್ತು. ಹಿಂದಿನಿಂದ ಲೆಕ್ಕ ಹಿಡಿದು, 6 ನಿಮಿಷಕ್ಕೊಂದು ತೆಗೆಯಬೇಕೆಂದು ತಾನೇ ತೀರ್ಮಾನಿಸಿದಳು. ದಾದಾಸಾಹೇಬ್ ಫಾಲ್ಕೆಯವರು ತಮ್ಮ ಮೊದಲ ಕಥಾಚಿತ್ರಕ್ಕೂ ಮುಂಚೆ, 1912ರಲ್ಲಿ, ಬಟಾಣಿ ಗಿಡ ಬೆಳೆಯುವುದನ್ನು ಇದೇ ಉಪಾಯದಿಂದ ಚಿತ್ರೀಕರಿಸಿದ್ದರು ಎಂದು ಹೇಳಿದಾಗ ಆಕೆಗಾದ ಸಂತೋಷ ನನಗೆ ಈಗಲೂ ನೆನಪಿದೆ.

ಬಣ್ಣ, ಬೆಳಕು, ಸಂಗೀತಗಳ ತಿಳಿವಳಿಕೆಯೂ ಬೆಳೆಯುತ್ತದೆ, ಅದನ್ನು ನೀವೇ ನೋಡಬಲ್ಲಿರಿ. ನನ್ನ ಅನುಭವದಲ್ಲಿ ಅತಿ ಹೆಚ್ಚು ಲಾಭವಾಗುವುದು ಭಾಷೆಗೆ ಮತ್ತು ಸಮಾಜ ವಿಜ್ಞಾನಕ್ಕೆ. ನಮ್ಮ ಊರಿನ ಕೆರೆಗೆ ನೀರುಗಂಟಿಯಾಗಿದ್ದ, ಅಂದರೆ ಗದ್ದೆಗಳಿಗೆ ಕೆರೆಯ ನೀರು ಹಂಚುತ್ತಿದ್ದ ಹಿರಿಯರೊಬ್ಬರನ್ನು ಮಕ್ಕಳು ಮಾತನಾಡಿಸಿ 38 ನಿಮಿಷ ಚಿತ್ರೀಕರಿಸಿದರು. ಅದನ್ನು 4 ನಿಮಿಷಕ್ಕೆ ಇಳಿಸಬೇಕಿತ್ತು. ಪ್ರಬಂಧದಲ್ಲಿ ಪುಟ ತುಂಬಿಸುವ ಅಭ್ಯಾಸವಿದ್ದ ಮಕ್ಕಳು ಇಲ್ಲಿ ಯಾವ ಮಾತು ಇರಲೇಬೇಕು, ಯಾವುದು ಹೋದರೂ ನಡೆಯುತ್ತದೆ ಎಂದು ವಾಕ್ಯ ವಾಕ್ಯಕ್ಕೂ ವಾದ ಮಾಡಿದರು. ಸಬ್‌ಟೈಟಲ್ ಹಾಕುವಾಗ ಅಲ್ಪಪ್ರಾಣ, ಮಹಾಪ್ರಾಣಗಳ ತಪ್ಪುಗಳು ಪರದೆಯ ಮೇಲೆ ದೊಡ್ಡದಾಗಿ ಕಂಡು ಅವರೇ ನಾಚಿ ತಿದ್ದಿಕೊಂಡರು. ಅಜ್ಜ ‘ಬರಾಕಿಲ್ಲ’ ಎಂದದ್ದನ್ನು ‘ಬರುವುದಿಲ್ಲ’ ಎಂದು ಬರೆಯಬೇಕೇ ಎಂಬ ಪ್ರಶ್ನೆ ಬಂದಾಗ ಕನ್ನಡ ಮೇಷ್ಟ್ರನ್ನು ಕರೆಸಬೇಕಾಯಿತು. ಅಜ್ಜನ ಮಾತು ಅಜ್ಜನದಾಗಿಯೇ ಇರಲಿ, ತೂಬು, ಕೋಡಿ ಮುಂತಾದ ಪದಗಳಿಗೆ ಮಾತ್ರ ಕೆಳಗೆ ಸಣ್ಣ ಅರ್ಥ ಕೊಡಿ ಎಂದು ಅವರು ಹೇಳಿದರು. ನನಗೂ ಅದೇ ಸರಿ ಅನ್ನಿಸಿತು.

ಸಿದ್ಧವಾದ ವಿಡಿಯೋವನ್ನು ಮೊದಲು ಅಜ್ಜನಿಗೇ ತೋರಿಸಿದೆವು. ನೀರು ಹಂಚುವಾಗ ಜಗಳವಾಗುತ್ತಿತ್ತೇ ಎಂಬ ಪ್ರಶ್ನೆಗೆ ಅವರು, ಆಗುತ್ತಿತ್ತು, ಆದರೆ ಕೆರೆ ಬತ್ತುವ ವರ್ಷ ಎಲ್ಲರೂ ಒಟ್ಟಾಗಿ ಕುಳಿತು ಯಾರ ಗದ್ದೆಗೆ ಎಷ್ಟು ಎಂದು ತೀರ್ಮಾನಿಸುತ್ತಿದ್ದರು ಎಂದು ಉತ್ತರಿಸಿದ್ದರು. ಸಮಯ ಉಳಿಸಲು ಮಕ್ಕಳು ‘ಆಗುತ್ತಿತ್ತು’ ಎಂಬಲ್ಲಿಗೆ ಕಟ್ ಮಾಡಿಬಿಟ್ಟಿದ್ದರು. ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅರ್ಧ ಮಾತು ನುಂಗ್ಬಿಟ್ರಲ್ಲ ಮಕ್ಳೇ” ಎಂದರು. ಕತ್ತರಿಸಿದವರಲ್ಲಿ ಯಾರಿಗೂ ಸುಳ್ಳು ಹೇಳುವ ಉದ್ದೇಶವಿರಲಿಲ್ಲ, ಆದರೂ ಊರಿನವರೆಲ್ಲ ಬರೀ ಜಗಳಗಂಟರಂತೆ ಕಾಣುತ್ತಿದ್ದರು. ಮರುದಿನ ಬಂದು ಆ 11 ಸೆಕೆಂಡುಗಳ ಮಾತನ್ನು ಮತ್ತೆ ಸೇರಿಸಿದರು. 4 ನಿಮಿಷ ಮೀರಬಾರದೆಂಬ ನಿಯಮವಿದ್ದುದರಿಂದ ಬೇರೇನಾದರೂ ಹೋಗಬೇಕಿತ್ತು. ಎರಡು ವಾರ ಕುಳಿತು ಮಾಡಿದ್ದ, ತಮ್ಮ ಹೆಸರುಗಳು ಒಂದೊಂದಾಗಿ ಹಾರಿಬರುವ ಆರಂಭದ ಶೀರ್ಷಿಕೆಯನ್ನು ಅವರೇ ತೆಗೆದುಹಾಕಿದರು.