ಕಿಡ್ನಿ ಡಾಕ್ಟ್ರು ಎಲ್ಲಿ ಕೂತಿರ್ತಾರೆ?

ಪ್ರಶ್ನೆ: ನಾವು ಹಾವೇರಿ ಕಡೆಯವ್ರು. ಅಪ್ಪಂಗೆ ಕಿಡ್ನಿ ತೊಂದ್ರೆ, ಬೆಂಗ್ಳೂರು ವಿಕ್ಟೋರಿಯಾಕ್ಕೆ ಹೋಗಿ ಅಂತ ಬರೆದುಕೊಟ್ಟಿದಾರೆ. ಹೋದ್ಸಲ ಬೇರೆ ಒಂದು ದೊಡ್ಡಾಸ್ಪತ್ರೇಲಿ ಅರ್ಧ ದಿನ ಬರೀ ಸುತ್ತಿದ್ದೇ ಆಯ್ತು, ಒಬ್ರು ಮೇಲೆ ಅಂತಾರೆ ಇನ್ನೊಬ್ರು ಕೆಳಗೆ ಅಂತಾರೆ. ಈ ಸಲ ಏನ್ಮಾಡೋದು?

ಉತ್ತರ: ಮೊದ್ಲು ಆ ಚೀಟಿ ತೆಗೆದು ನೋಡಿ, ನೆಫ್ರಾಲಜಿ ಅಂತಿದ್ಯೋ ಯೂರಾಲಜಿ ಅಂತಿದ್ಯೋ. ಎರಡಕ್ಕೂ ಜನ ಕಿಡ್ನಿ ಡಾಕ್ಟ್ರು ಅಂತಾನೇ ಅನ್ನೋದು, ಸುತ್ತಾಟ ಶುರುವಾಗೋದೇ ಅಲ್ಲಿಂದ. ರಕ್ತದಲ್ಲಿ ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕ್ಬೇಕಾದ ಕಸ) ಜಾಸ್ತಿ ಆಗಿದೆ, ಡಯಾಲಿಸಿಸ್ ಬೇಕು ಅಂದ್ರೆ ನೆಫ್ರಾಲಜಿ. ಕಲ್ಲು, ಪ್ರಾಸ್ಟೇಟ್, ಆಪರೇಷನ್ ಅಂದ್ರೆ ಯೂರಾಲಜಿ. ಇನ್ನು ವಿಕ್ಟೋರಿಯಾ ಒಂದೇ ಬಿಲ್ಡಿಂಗ್ ಅಲ್ಲ ಸ್ವಾಮಿ, 1900ರಲ್ಲಿ ಶುರುವಾದ ಹಳೇ ಆಸ್ಪತ್ರೆ ಸುತ್ತ ವಾಣಿವಿಲಾಸ, ಮಿಂಟೋ ಕಣ್ಣಾಸ್ಪತ್ರೆ, ಮೆಡಿಕಲ್ ಕಾಲೇಜು ಎಲ್ಲ ಸೇರ್ಕೊಂಡು ಒಂದು ಊರೇ ಆಗ್ಬಿಟ್ಟಿದೆ, ಅದ್ರೊಳಗೆ ನೆಫ್ರೋ ಯೂರಾಲಜಿ ಸಂಸ್ಥೆ ಅಂತ ಕಿಡ್ನಿಗೇ ಒಂದು ಬೇರೆ ಆಸ್ಪತ್ರೆ ಇದೆ. ಗೇಟಲ್ಲಿ "ವಿಕ್ಟೋರಿಯಾ ಎಲ್ಲಿ" ಅಂತ ಕೇಳ್ಬೇಡಿ, ನೀವು ಅಲ್ಲೇ ನಿಂತಿರ್ತೀರ. ಚೀಟಿ ತೋರ್ಸಿ "ಇದಕ್ಕೆ ಓಪಿಡಿ ಚೀಟಿ ಎಲ್ಲಿ ಮಾಡಿಸ್ಬೇಕು" ಅನ್ನಿ.

ಯಶವಂತಪುರದಲ್ಲಿ ರೈಲು ಇಳಿದ್ರೆ ಹಸಿರು ಮೆಟ್ರೋ ಹತ್ತಿ, ಲೈನ್ ಬದಲಾಯಿಸೋ ಗೋಜಿಲ್ಲ, ಮೆಜೆಸ್ಟಿಕ್ ಆದ್ಮೇಲೆ ಎರಡನೇ ಸ್ಟಾಪು ಕೆ.ಆರ್. ಮಾರ್ಕೆಟ್, ಆಸ್ಪತ್ರೆ ಅಲ್ಲೇ.

ಬೋರ್ಡ್ ನಂಬ್ಕೊಂಡು ಮಾತ್ರ ಕೂರ್ಬೇಡಿ. ನಮ್ಮಮ್ಮನ ಜೊತೆ ಒಂದು ಆಸ್ಪತ್ರೆಗೆ ಹೋದಾಗ ಟೆಸ್ಟಿಗೆ ರಕ್ತ ಕೊಡೋದೆಲ್ಲಿ ಅಂತ ಇಪ್ಪತ್ತು ನಿಮಿಷ ಹುಡುಕಿದೀವಿ, ಆಮೇಲೆ ನೋಡಿದ್ರೆ ನಾವು ಸುಸ್ತಾಗಿ ಕೂತಿದ್ದ ಬೆಂಚಿನ ಮೇಲೇ "ಫ್ಲೆಬಾಟಮಿ" ಅಂತ ಬೋರ್ಡು. ಕನ್ನಡದಲ್ಲಿ ಹಾಕಿದ್ರೂ "ಮೂತ್ರಪಿಂಡಶಾಸ್ತ್ರ ವಿಭಾಗ" ಅಂತ ಹಾಕ್ತಾರೆ, ಯಾರ ಬಾಯಲ್ಲಿದೆ ಅದು? ರಕ್ತ ತೆಗೆಯೋ ಜಾಗ ಅಂತ ಬರೆದ್ರೆ ಏನು ಗಂಟು ಹೋಗುತ್ತೋ ಕಾಣೆ.

ಒಳಗೆ ಡಾಕ್ಟ್ರ ಹೆಸ್ರು ಹಿಡ್ಕೊಂಡು ಕೇಳೋದಕ್ಕಿಂತ ರೂಮ್ ನಂಬರ್ ಕೇಳಿ, ಫಸ್ಟ್ ಫ್ಲೋರ್ ಅಂದ್ರೆ ಲಿಫ್ಟಲ್ಲಿ ಯಾವ ಬಟನ್ ಅಂತಾನೂ ಕೇಳಿ, ಕೆಲವ್ರು ನೆಲಮಹಡಿನೇ ಒಂದು ಅಂತ ಎಣಿಸ್ತಾರೆ. ದಾರಿ ಹೇಳೋಕೆ ವಾರ್ಡ್ ಆಯಾನೋ ಲಿಫ್ಟಿನವ್ನೋ ವಾಸಿ, ನಿಮ್ ಥರಾನೇ ಬಂದಿರೋ ಪೇಷಂಟ್ ಕಡೆಯವ್ರು ಅಲ್ಲ, ಪಾಪ ಅವ್ರೂ ಕಳ್ದುಹೋಗಿರ್ತಾರೆ. ಬಿಪಿಎಲ್ ಕಾರ್ಡು, ಆಧಾರ್ ಒರಿಜಿನಲ್ ತಗೊಂಡು ಆರೋಗ್ಯಮಿತ್ರ ಕೌಂಟರಿಗೂ ಒಂದ್ಸಲ ಹೋಗ್ಬನ್ನಿ, ಆಯುಷ್ಮಾನ್ ಯೋಜನೆ ವಿಷ್ಯ ಅಲ್ಲೇ.

ಇಬ್ರು ಹೋಗಿ. ಒಬ್ರು ಅಪ್ಪನ ಜೊತೆ ಕೂತಿರ್ಲಿ, ಇನ್ನೊಬ್ರು ಓಡಾಡ್ಲಿ, ಚೀಟಿ ಮಾತ್ರ ಅಪ್ಪನ ಜೇಬಲ್ಲಿ ಬಿಟ್ಟು ಹೋಗ್ಬೇಡಿ.