ಹಳೆಯ ಕೋಡ್, ಹೊಸ ಜಿಸಿಸಿ
ಜಿಸಿಸಿ ಎಂಬ ಕಂಪೈಲರ್‌ನ (ಕೋಡನ್ನು ಕಂಪ್ಯೂಟರ್ ಓಡಿಸುವ ರೂಪಕ್ಕೆ ತರುವ ತಂತ್ರಾಂಶ) 13ನೇ ಆವೃತ್ತಿಯಲ್ಲಿ ಕಂಪೈಲ್ ಆಗುತ್ತಿದ್ದ ಹಳೆಯ ಸಿ ಕೋಡ್ 14ರಲ್ಲಿ ಏಕೆ ನಿಂತುಹೋಗುತ್ತದೆ ಎಂದು ಕೇಳಿದ್ದೀರಿ. ನಿಮ್ಮ ಪ್ಯಾಕೇಜಿಂಗ್‌ನಲ್ಲಿ (ತಂತ್ರಾಂಶವನ್ನು ಹಂಚಲು ಸಿದ್ಧಪಡಿಸುವ ಕೆಲಸದಲ್ಲಿ) ತಪ್ಪಿಲ್ಲ. ಘೋಷಿಸದ, ಅಂದರೆ ಅದು ಏನು ಕೊಡುತ್ತದೆಂದು ಮೊದಲೇ ತಿಳಿಸದ, ಫಂಕ್ಷನ್ ಅನ್ನು ಕರೆದರೆ ಮೊದಲು ಬರೀ ಎಚ್ಚರಿಕೆ ಬರುತ್ತಿತ್ತು. 2024ರಲ್ಲಿ ಬಂದ 14ನೇ ಆವೃತ್ತಿ ಅದನ್ನು ದೋಷವೆಂದೇ ಹೇಳಿ ನಿಲ್ಲಿಸುತ್ತದೆ.

ದಯವಿಟ್ಟು ಫ್ಲ್ಯಾಗ್ (ಕಂಪೈಲರ್‌ಗೆ ಕೊಡುವ ಆಯ್ಕೆ) ಹಾಕಿ ಅದರ ಬಾಯಿ ಮುಚ್ಚಿಸಬೇಡಿ. ಘೋಷಣೆ ಇಲ್ಲದಿದ್ದರೆ ಫಂಕ್ಷನ್ ಇಂಟ್ (ಸಾಮಾನ್ಯವಾಗಿ 32 ಬಿಟ್‌ನ ಪೂರ್ಣಾಂಕ) ಕೊಡುತ್ತದೆಂದು ಕಂಪೈಲರ್ ಭಾವಿಸುತ್ತದೆ. ಅದು ನಿಜವಾಗಿ ಕೊಡುವುದು 64 ಬಿಟ್ ಪಾಯಿಂಟರ್ (ಮೆಮೊರಿ ವಿಳಾಸ) ಆಗಿದ್ದರೆ ಅರ್ಧ ಕತ್ತರಿಸಿಹೋಗುತ್ತದೆ. ಬಿಟ್ಟುಹೋದ ಹೆಡರ್ (ಘೋಷಣೆಗಳಿರುವ ಕಡತ) ಸೇರಿಸಿ, ಆ ಪ್ಯಾಚನ್ನು (ತಿದ್ದುಪಡಿಯನ್ನು) ಮೂಲ ಯೋಜನೆಗೂ ಕಳುಹಿಸಿ.

ಇನ್ನೊಂದು, ನನ್ನನ್ನು ಹೆಚ್ಚು ಕಾಡಿದ್ದು: ಬಿಲ್ಡ್‌ಗೆ ಮೊದಲು ವ್ಯವಸ್ಥೆಯಲ್ಲಿ ಏನೇನಿದೆ ಎಂದು ಪರೀಕ್ಷಿಸುವ ಹಳೆಯ ಕಾನ್ಫಿಗರ್ ಸ್ಕ್ರಿಪ್ಟ್‌ನ ಪರೀಕ್ಷಾ ತುಣುಕುಗಳೂ ಇದೇ ಕಾರಣಕ್ಕೆ ಸೋಲುತ್ತವೆ. ಆಗ ಬಿಲ್ಡ್ ಮುಗಿಯುತ್ತದೆ, ಆದರೆ ಒಂದು ಸೌಲಭ್ಯ ಸದ್ದಿಲ್ಲದೆ ಮಾಯವಾಗಿರುತ್ತದೆ. ಎರಡೂ ಆವೃತ್ತಿಗಳ ಕಾನ್ಫಿಗರ್ ಲಾಗ್‌ಗಳನ್ನು ಹೋಲಿಸಿ ನೋಡಿ.